ಬೂದಿ ಬೆರೆಸಿ ಉಂಡ ಸಂತ ಮತ್ತು ಮೋಟೆಬೆನ್ನೂರಿನ ಚೌಡವ್ವ

ಮೋಟೆಬೆನ್ನೂರಿನ ಚೌಡವ್ವ ಒಬ್ಬನ ಮೇಲೆ ಹತ್ತೊಂಬತ್ತು ವರ್ಷ ಸಿಟ್ಟು ಇಟ್ಟುಕೊಂಡಿದ್ದಳು ಅಂದರೆ ಆ ಊರಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಅವಳ ಸಿಟ್ಟು ಒಗ್ಗರಣೆಯ ಸಾಸಿವೆ ಇದ್ದ ಹಾಗೆ, ಚಟಪಟ ಅಂದರೆ ಮುಗಿಯಿತು. ಗಂಡ ಲಕ್ಕಪ್ಪನ ಮೇಲೆ ಬೆಳಿಗ್ಗೆ ಬಂದದ್ದು ಮಧ್ಯಾಹ್ನ ರೊಟ್ಟಿ ತಟ್ಟುವ ಹೊತ್ತಿಗೆ ಇರುತ್ತಿರಲಿಲ್ಲ. ಆದರೆ ಈ ಒಬ್ಬನ ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಅವನು ತೀರಿಕೊಂಡು ಎಂಟುನೂರು ವರ್ಷವಾಗುತ್ತ ಬಂದಿತ್ತು. ಇಟಲಿ ದೇಶದ ಅಸ್ಸಿಸಿ ಎಂಬ ಊರಿನವನು, ಹೆಸರು ಸಂತ ಫ್ರಾನ್ಸಿಸ್.

ಚೌಡವ್ವ ಮೊದಲು ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹನ್ನೆರಡು ವರ್ಷ ಮುರಿದಳು. ಕೈ ಉರಿ, ಕಣ್ಣು ಉರಿ ಹೇಗೋ ಸಹಿಸಿಕೊಂಡಳು. ಕೊನೆಕೊನೆಗೆ ಅವಳು ಬಸ್ಸು ಹತ್ತಿದರೆ ಸಾಕು, ಅಕ್ಕಪಕ್ಕದವರೆಲ್ಲ ಸೀನತೊಡಗುತ್ತಿದ್ದರು. ಕಂಡಕ್ಟರ್ ಮುಖ ಆಚೆ ತಿರುಗಿಸಿಕೊಂಡೇ ಟಿಕೆಟ್ ಹರಿದು ಕೊಡುತ್ತಿದ್ದ. ಅದೇ ಹೊತ್ತಿಗೆ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯ ಬದಿಗೆ ನಾಲ್ಕು ಜನ ಕ್ರೈಸ್ತ ಸನ್ಯಾಸಿಗಳು ಸಣ್ಣದೊಂದು ಆಶ್ರಮ ಕಟ್ಟಿಕೊಂಡರು. ಕಂದು ಬಣ್ಣದ ನಿಲುವಂಗಿ, ಸೊಂಟಕ್ಕೆ ಬಿಳಿ ಹಗ್ಗ. ಸಂತ ಫ್ರಾನ್ಸಿಸನ ಹಾದಿಯಲ್ಲಿ ನಡೆಯುವ ಇವರಿಗೆ ಅಡುಗೆಗೆ ಒಬ್ಬರು ಬೇಕಾಗಿದ್ದರು. ಕೆಲಸ ಕೇಳಲು ಹೋದ ಚೌಡವ್ವ ತಾನೇ ಮೊದಲ ಪ್ರಶ್ನೆ ಹಾಕಿದಳು.

"ದನದ ಕೊರಳಿಗೆ ಕಟ್ಟೋ ಹಗ್ಗ ನೀವು ಸೊಂಟಕ್ಕ ಯಾಕ ಕಟ್ಟೀರಿ?"

"ಕಟ್ಟದಿದ್ದರೆ ನಾವೂ ಕಂಡವರ ಹೊಲಕ್ಕೆ ನುಗ್ಗುತ್ತೇವೆ ಮಾರಾಯ್ತಿ," ಅಂದರು ಬ್ರದರ್ ಪಾಸ್ಕಲ್. ಮಂಗಳೂರು ಕಡೆಯವರು, ಕಡ್ಡಿಯಂಥ ಮನುಷ್ಯ, ನಾಲ್ವರಲ್ಲಿ ಹಿರಿಯರು.

ಈ ಉತ್ತರ ಕೇಳಿದ ಮೇಲೆ ಚೌಡವ್ವ ಸಂಬಳದ ಮಾತನ್ನೂ ಎತ್ತದೆ, ಅಡುಗೆಮನೆ ಎಲ್ಲಿದೆ ಅಂತ ಕೇಳಿದಳು. ಅವತ್ತಿನಿಂದ ಪಾಸ್ಕಲ್ ಅವಳಿಗೆ 'ಅಜ್ಜಾರು'. ನಮ್ಮ ಕಡೆ ಮಠದ ಸ್ವಾಮಿಗಳಿಗೆಲ್ಲ ಹಾಗೇ ಅನ್ನುವುದು. ಇವರಿಗೆ ಬೇರೆ ಯಾಕೆ ಹುಡುಕಬೇಕು ಅಂತ ಅವಳ ಲೆಕ್ಕ.

ಸಂತರಿಗೂ ಅದೇ ನ್ಯಾಯ. ಹಾವೇರಿ ಸೀಮೆಗೆ ಬಂದ ಮೇಲೆ ಯಾರೇ ಆಗಲಿ, ಹೆಸರಿನ ತುದಿಗೆ ಅಪ್ಪನನ್ನೋ ಅವ್ವನನ್ನೋ ಸೇರಿಸಿಕೊಳ್ಳದೆ ಗತಿಯಿಲ್ಲ. ಸಂತ ಅಂತೋಣಿ ಅಂತೋಣಪ್ಪನಾದ. ಸಂತ ಕ್ಲಾರಾ ಕ್ಲಾರವ್ವನಾದಳು. ಫ್ರಾನ್ಸಿಸ್ ಫ್ರಾನ್ಸಪ್ಪನಾದ. ಈ ಸಂತರ ಹಬ್ಬಗಳೆಲ್ಲ ಅವರವರು ತೀರಿಕೊಂಡ ದಿನದ ಸುತ್ತಲೇ ಬರುತ್ತವೆ ಎಂದು ಬ್ರದರ್ ಪಾಸ್ಕಲ್ ಒಮ್ಮೆ ಹೇಳಿದ್ದೇ ತಡ, ಚೌಡವ್ವನಿಗೆ ಇಡೀ ಕ್ರೈಸ್ತ ಧರ್ಮ ಒಂದೇ ಪೆಟ್ಟಿಗೆ ತಿಳಿದುಹೋಯಿತು.

"ಅಂದ್ರ ಪುಣ್ಯತಿಥಿ ಅನ್ರಿ. ಹಂಗಾರ ಎಡಿ ಹಿಡಿಯೋದು ಬ್ಯಾಡೇನು?"

ತೀರಿಕೊಂಡ ಹಿರಿಯರಿಗೆ ಆ ದಿನ ಅವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಯಲ್ಲಿ ಬಡಿಸಿ ಫೋಟೋದ ಮುಂದೆ ಇಡುವುದು ಅವಳ ಮನೆಯ ಪದ್ಧತಿ. ಅಡುಗೆಮನೆಯ ಗೋಡೆಗೆ ಹಳೆ ಕ್ಯಾಲೆಂಡರಿನಿಂದ ಕತ್ತರಿಸಿದ ಸಂತರ ಚಿತ್ರಗಳು ಸಾಲಾಗಿ ಬಂದವು. ಸಂತನ ದಿನ ಬಂದರೆ ಎಡೆ ತಯಾರು. ಬ್ರದರ್ ಪಾಸ್ಕಲ್ ತಲೆ ಕೆರೆದುಕೊಂಡರು, ಬೇಡ ಅನ್ನಲಿಲ್ಲ. ಆಮೇಲೆ ಅದನ್ನು ಬಾಗಿಲಿಗೆ ಬಂದ ಹಸಿದವರಿಗೆ ಕೊಡಬೇಕು ಎಂದಷ್ಟೇ ಹೇಳಿದರು. ಆದರೆ ಚೌಡವ್ವನ ತಂಟೆ ಬೇರೆ ಇತ್ತು. ಪ್ರತಿ ಸಂತನ ಬಗ್ಗೆಯೂ ಅವಳ ಪ್ರಶ್ನೆ ಒಂದೇ: ಈತನಿಗೆ ಏನು ಇಷ್ಟ? ಸನ್ಯಾಸಿಗಳ ಹತ್ತಿರ ದಪ್ಪ ದಪ್ಪ ಪುಸ್ತಕಗಳಿದ್ದವು. ಸಂತ ಎಷ್ಟು ಉಪವಾಸ ಮಾಡಿದ, ಎಷ್ಟು ದೂರ ಬರಿಗಾಲಲ್ಲಿ ನಡೆದ, ಯಾವ ರಾಜನಿಗೆ ಬುದ್ಧಿ ಹೇಳಿದ, ಎಲ್ಲ ಬರೆದಿತ್ತು. ಏನು ಉಂಡ ಅನ್ನುವುದು ಹೆಚ್ಚಿನವುಗಳಲ್ಲಿ ಇರಲಿಲ್ಲ. ಈ ಪುಸ್ತಕಗಳನ್ನು ಬರೆದವರು ಒಲೆ ಮುಂದೆ ಕೂತವರಲ್ಲ ಎಂದು ಚೌಡವ್ವ ಅವತ್ತೇ ತೀರ್ಮಾನಿಸಿದಳು. ಅವಳು ಅಂದದ್ದು ತಪ್ಪೇನಲ್ಲ.

ಹೀಗಾಗಿ ಅವಳೇ ನಿರ್ಧರಿಸಬೇಕಾಯಿತು. ಜೂನ್ ಹದಿಮೂರಕ್ಕೆ ಅಂತೋಣಪ್ಪನ ದಿನ ಬಡವರಿಗೆ ರೊಟ್ಟಿ ಹಂಚುವ ರೂಢಿ. ಬೇಕರಿಯಿಂದ ಬನ್ನು ತರಿಸುವ ಮಾತು ಬಂದಾಗ ಅವಳು ಸೆರಗು ಸಿಕ್ಕಿಸಿ ನಿಂತಳು. "ಬನ್ನು ಜ್ವರ ಬಂದವರು ತಿನ್ನೋದು. ಅಂತೋಣಪ್ಪಗ ಜ್ವರ ಬಂದೈತೇನು?" ಅಂದಳು. ಮುರಿದರೆ ಕಟಕ್ಕನ್ನುವ ಜೋಳದ ಕಟಕ ರೊಟ್ಟಿ ಬುಟ್ಟಿಗಟ್ಟಲೆ ತಯಾರಾದವು. ಕಳೆದ ವಸ್ತು ಹುಡುಕಿಕೊಡುವ ಸಂತ ಅವನು ಎಂದು ತಿಳಿದ ಮೇಲೆ ಸುತ್ತಲಿನ ಹೆಂಗಸರು ಬೆಂಡೋಲೆ ಕಳೆದರೂ ಎಮ್ಮೆ ತಪ್ಪಿಸಿಕೊಂಡರೂ ಚೌಡವ್ವನ ಅಡುಗೆಮನೆಗೆ ಬರತೊಡಗಿದರು. ಅವಳು ಚಿತ್ರದ ಮುಂದೆ ನಿಂತು ಗದರಿಸಿ ಹೇಳುತ್ತಿದ್ದಳು, ರೊಟ್ಟಿ ಉಂಡೀಯಲ್ಲ, ಈಗ ಹುಡುಕು.

ಕ್ಲಾರವ್ವನ ಜೊತೆ ಮಾತ್ರ ಒಂದು ವರ್ಷ ದೊಡ್ಡ ಜಗಳವೇ ಆಯಿತು. ಆಗಸ್ಟ್ ಹನ್ನೊಂದಕ್ಕೆ ಅವಳ ಹಬ್ಬ. ಮದುವೆಯ ದಿನ ಮಳೆ ಬರದಿರಲಿ ಎಂದು ಕೆಲವು ದೇಶಗಳಲ್ಲಿ ಹೆಣ್ಣುಮಕ್ಕಳು ಕ್ಲಾರಳ ಮಠಕ್ಕೆ ಮೊಟ್ಟೆ ಕೊಟ್ಟು ಬರುತ್ತಾರೆ ಎಂದು ಬ್ರದರ್ ಪಾಸ್ಕಲ್ ಸುಮ್ಮನೆ ಮಾತಿಗೆ ಹೇಳಿದರು. ಚೌಡವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅಜ್ಜಾರ, ಗೋವಿನಜೋಳ ತೆನಿ ಕಟ್ಟೋ ಹೊತ್ತಿದು. ಈಗ ಮಳಿ ನಿಲ್ಲಿಸಿ ನಮ್ಮನ್ನ ಕೊಲ್ಲಬೇಕಂತ ಮಾಡೀರೇನು?"

ಅವಳು ಆಶ್ರಮದ ಎಂಟೂ ಕೋಳಿಗಳ ತತ್ತಿಗಳನ್ನು ಬುಟ್ಟಿಯಲ್ಲಿ ಹಾಕಿ ಜೋಳದ ಡಬ್ಬಿಯ ಹಿಂದೆ ಮುಚ್ಚಿಟ್ಟಳು. ಕ್ಲಾರವ್ವನ ಚಿತ್ರ ಗೋಡೆಗೆ ಮುಖ ಮಾಡಿ ನಿಂತಿತು, ತತ್ತಿ ಕಣ್ಣಿಗೆ ಬೀಳಬಾರದು ಅಂತ. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಅಂದಿನಿಂದ ಆಗಸ್ಟ್ ತಿಂಗಳು ಪೂರ್ತಿ ಆ ಆಶ್ರಮದಲ್ಲಿ ಯಾರಿಗೂ ಆಮ್ಲೆಟ್ ಇಲ್ಲ.

ಇಷ್ಟೆಲ್ಲ ಸಂತರನ್ನು ಸಾಕಿದ ಚೌಡವ್ವ ಫ್ರಾನ್ಸಪ್ಪನಿಗೆ ಮಾತ್ರ ಎಡೆ ಹಿಡಿಯಲಿಲ್ಲ. ಅಕ್ಟೋಬರ್ ನಾಲ್ಕು ಆಶ್ರಮದ ದೊಡ್ಡ ಹಬ್ಬ. ಸುತ್ತಲಿನ ಹಳ್ಳಿಯವರು ಎತ್ತು, ಆಡು, ಕೋಳಿಗಳನ್ನೆಲ್ಲ ಆಶೀರ್ವಾದಕ್ಕೆ ತರುತ್ತಾರೆ. ಬಂದವರಿಗೆಲ್ಲ ಅವಳು ಕೈ ಬಿಚ್ಚಿ ಬಡಿಸುತ್ತಿದ್ದಳು. ಯಾರ ಹಬ್ಬವೋ ಅವನ ಮುಂದೆ ಮಾತ್ರ ಒಂದು ತಂಬಿಗೆ ನೀರು. ಕಾರಣ ಇಷ್ಟೆ. ಮೊದಲ ವರ್ಷವೇ ಅವಳು, ಫ್ರಾನ್ಸಪ್ಪನಿಗೆ ಏನು ಇಷ್ಟ ಎಂದು ಕೇಳಿದ್ದಳು. ಆ ಮಾತು ತೇಲಿಸಿ ಬ್ರದರ್ ಪಾಸ್ಕಲ್, ಯಾರಾದರೂ ರುಚಿಯಾಗಿ ಬೇಯಿಸಿ ಬಡಿಸಿದರೆ ನಾಲಿಗೆಗೆ ರುಚಿ ಹತ್ತಬಾರದು ಎಂದು ಸಂತರು ಅದಕ್ಕೆ ಬೂದಿ ಬೆರೆಸಿಕೊಂಡು ಉಣ್ಣುತ್ತಿದ್ದರು ಎಂದು ಬಹಳ ಭಕ್ತಿಯಿಂದ ಹೇಳಿದ್ದರು.

"ಆ ಅಡಗಿ ಮಾಡಿದಾಕಿ ಅಲ್ಲೇ ನಿಂತಿದ್ಲೇನು?" ಎಂದು ಕೇಳಿದ್ದಳು ಚೌಡವ್ವ.

ಎಂಟುನೂರು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೇನೋ.

ಅದಾದರೂ ಸತ್ತವನ ಸುದ್ದಿ. ಬದುಕಿದ್ದವರದೇ ಹೆಚ್ಚು ಉಪದ್ರವ. ಚೌಡವ್ವ ಕೆಲಸಕ್ಕೆ ಸೇರಿದ ಎರಡನೇ ದಿನದಿಂದ ಬ್ರದರ್ ಪಾಸ್ಕಲ್, ಬಡಿಸಿದ್ದಕ್ಕೆಲ್ಲ ಲೋಟದಿಂದ ನೀರು ಸುರಿದುಕೊಂಡು ಉಣ್ಣಲು ಶುರುಮಾಡಿದ್ದರು. ಸಾರಿಗೆ ನೀರು. ಎಣ್ಣೆಗಾಯಿಗೆ ನೀರು. ಒಮ್ಮೆ ಶ್ಯಾವಿಗೆ ಪಾಯಸಕ್ಕೂ ನೀರು. ಅದನ್ನು ನೋಡಿದ ದಿನ ಚೌಡವ್ವ ಮನೆಗೆ ಹೋಗಿ ಉಣ್ಣದೆ ಮಲಗಿದಳು. ಅವಳೂ ಸುಮ್ಮನಿರುವ ಹೆಂಗಸಲ್ಲ. ನೀರು ಹಿಡಿಯದ ಪದಾರ್ಥ ಮಾಡಿ ನೋಡಿದಳು, ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ. ಅವರು ರೊಟ್ಟಿಯನ್ನೇ ನೀರಿನಲ್ಲಿ ಅದ್ದಿಕೊಂಡರು. ಒಂದು ದಿನ ರೋಸಿಹೋಗಿ, ಬರೀ ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿ ಬಿಟ್ಟು ಗುಂಟೂರಿನದನ್ನು ಹಿಡಿಗಟ್ಟಲೆ ಹಾಕಿದಳು. ಉಳಿದ ಮೂವರು ಬಾಯಿ ಬಿಟ್ಟುಕೊಂಡು ಬಾವಿಕಟ್ಟೆಗೆ ಓಡಿದರು. ಬ್ರದರ್ ಪಾಸ್ಕಲ್ ಎರಡು ಲೋಟ ನೀರು ಸುರಿದುಕೊಂಡು ಶಾಂತವಾಗಿ ಉಂಡು, ದೇವರಿಗೆ ಸ್ತೋತ್ರ ಹೇಳಿ ಎದ್ದರು.

ಅವಳಿಗೆ ಬೇಕಾದದ್ದು ಬಹಳ ದೊಡ್ಡದೇನೂ ಅಲ್ಲ. ಅಡುಗೆ ಹೇಗಾಗಿದೆ ಎಂದು ಒಬ್ಬರಾದರೂ ನಿಜವಾಗಿ ಉಂಡು ಹೇಳಬೇಕು, ಅಷ್ಟೇ. ಮನೆಯಲ್ಲಿ ಲಕ್ಕಪ್ಪ ತುತ್ತು ಬಾಯಿಗೆ ಮುಟ್ಟುವ ಮೊದಲೇ "ಚಲೋ ಐತಿ" ಅನ್ನುತ್ತಿದ್ದ. ನಾಲ್ಕು ದಶಕ ಸಂಸಾರ ಮಾಡಿದ ಗಂಡಸಿನ ಜಾಣತನ ಅದು. ಎರಡು ವರ್ಷದ ಹಿಂದೆ ಆಶ್ರಮದ ಹಿರಿತನಕ್ಕೆ ಬಂದ ಫಾದರ್ ಸುನೀಲಕುಮಾರ ಹಾವೇರಿಯವರೇ, ಹಸನ್ಮುಖಿ. ಅವರು ಎಲ್ಲದಕ್ಕೂ "ಸೂಪರ್" ಅನ್ನುತ್ತಿದ್ದರು. ಉಪ್ಪು ಮರೆತ ದಿನವೂ ಸೂಪರ್ ಎಂದಿದ್ದರು. ಆ ಮಾತಿಗೆ ಬೆಲೆಯೇ ಉಳಿಯಲಿಲ್ಲ. ಬ್ರದರ್ ಪಾಸ್ಕಲ್ ಸುಳ್ಳು ಹೇಳುವ ಪೈಕಿ ಅಲ್ಲ. ಹೇಳಿದರೆ ಅವರೇ ಹೇಳಬೇಕು. ಆದರೆ ಅವರು ಉಂಡದ್ದು ಅವಳ ಅಡುಗೆಯನ್ನಲ್ಲ, ಬಾವಿಯ ನೀರನ್ನು.

ಈ ವರ್ಷ ಸೆಪ್ಟೆಂಬರಿನಲ್ಲಿ ಪತ್ರ ಬಂತು. ಬ್ರದರ್ ಪಾಸ್ಕಲ್‌ಗೆ ಎಂಬತ್ತು ತುಂಬಿತು, ಕಣ್ಣು ಮಂಜಾಗಿದೆ, ಮಂಗಳೂರಿನಲ್ಲಿ ವಯಸ್ಸಾದ ಸನ್ಯಾಸಿಗಳಿಗಾಗಿ ಇರುವ ಮನೆಗೆ ಕಳುಹಿಸಬೇಕು ಎಂದು ಮೇಲಿನವರ ಅಪ್ಪಣೆ. ಅಕ್ಟೋಬರ್ ನಾಲ್ಕರ ಹಬ್ಬ ಮುಗಿಸಿ, ಅದೇ ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಎಂದಾಯಿತು. ಚೌಡವ್ವ ಸುದ್ದಿ ಕೇಳಿ ಅಕ್ಕಿ ಆರಿಸುತ್ತ ಕೂತಳು. ದುಃಖವಾಯಿತು, ಅದು ಇದ್ದದ್ದೇ. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಈ ಮುದುಕ ತನ್ನ ಕೈಯ ರುಚಿ ಏನೆಂದು ತಿಳಿಯದೆಯೇ ಹೊರಟುಹೋಗುತ್ತಾನೆ. ಹತ್ತೊಂಬತ್ತು ವರ್ಷದ ಅಡುಗೆ ಗಟಾರಕ್ಕೆ ಚೆಲ್ಲಿದ ಹಾಗೆ ಅನ್ನಿಸಿತು.

ಫ್ರಾನ್ಸಿಸ್ ತೀರಿಕೊಂಡದ್ದು ಮೂರನೇ ತಾರೀಖಿನ ಸಂಜೆ. ಹಬ್ಬದ ಹಿಂದಿನ ದಿನ ಆಶ್ರಮದವರು ಅವನ ಕೊನೆಗಾಲದ ಕಥೆಯನ್ನು ಓದಿ ಪ್ರಾರ್ಥನೆ ಮಾಡುತ್ತಾರೆ. ಯಾವಾಗಲೂ ಏಳು ಗಂಟೆಗೆ ನಡೆಯುತ್ತಿತ್ತು, ಅಷ್ಟರಲ್ಲಿ ಚೌಡವ್ವ ಮೋಟೆಬೆನ್ನೂರಿನ ಬಸ್ಸು ಹತ್ತಿಯಾಗಿರುತ್ತಿತ್ತು. ಹೀಗಾಗಿ ಅವಳು ಒಂದು ವರ್ಷವೂ ಅದನ್ನು ಕೇಳಿರಲಿಲ್ಲ. ಈ ಸಲ ಬ್ರದರ್ ಪಾಸ್ಕಲ್‌ಗೆ ಕತ್ತಲಲ್ಲಿ ಕಣ್ಣು ಕಾಣಿಸದು ಎಂದು ಫಾದರ್ ಅದನ್ನು ನಾಲ್ಕು ಗಂಟೆಗೇ ಇಟ್ಟರು. ಪಾತ್ರೆ ತೊಳೆದು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಚೌಡವ್ವ ಪ್ರಾರ್ಥನೆಯ ಕೋಣೆಯ ಬಾಗಿಲಲ್ಲಿ ನಿಂತಳು.

ಫಾದರ್ ಸುನೀಲಕುಮಾರ ಓದುತ್ತಿದ್ದರು. ಸಾವು ಹತ್ತಿರ ಬಂತೆಂದು ತಿಳಿದ ಫ್ರಾನ್ಸಿಸ್ ರೋಮ್ ಪಟ್ಟಣದ ಜಾಕೋಬಾ ಎಂಬ ಹೆಣ್ಣುಮಗಳಿಗೆ ಪತ್ರ ಬರೆಸಿದ. ಬೇಗ ಬಾ, ಹೊದೆಯಲು ಒಂದು ಬಟ್ಟೆ ತಾ, ಮೇಣದ ಬತ್ತಿ ತಾ. ಮತ್ತೆ, ನಾನು ರೋಮಿನಲ್ಲಿ ಕಾಯಿಲೆ ಬಿದ್ದಾಗ ಬದಾಮಿ ಹಾಕಿ ಒಂದು ಸಿಹಿ ಮಾಡಿ ಕೊಡುತ್ತಿದ್ದೆಯಲ್ಲ, ಅದನ್ನೂ ತಾ. ಪತ್ರ ಹೊರಡುವ ಮೊದಲೇ ಜಾಕೋಬಾ ತಾನಾಗಿ ಬಾಗಿಲಿಗೆ ಬಂದು ನಿಂತಿದ್ದಳು, ಕೇಳಿದ್ದೆಲ್ಲ ಅವಳ ಕೈಯಲ್ಲಿತ್ತು. ಗಂಡಸರ ಮಠದೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅವಳು ನಮ್ಮ ಅಣ್ಣ ಜಾಕೋಬಾ, ಒಳಗೆ ಬಿಡಿ ಎಂದನಂತೆ ಫ್ರಾನ್ಸಿಸ್.

ಓದು ಮುಗಿಯುವವರೆಗೆ ಚೌಡವ್ವ ಹೇಗೋ ತಡೆದುಕೊಂಡಳು. ಎಲ್ಲರೂ ಹೊರಗೆ ಹೋದ ಮೇಲೆ ಬೆಂಚಿನ ಮೇಲೆ ಕೂತಿದ್ದ ಬ್ರದರ್ ಪಾಸ್ಕಲ್ ಎದುರಿಗೆ ಹೋಗಿ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಅಜ್ಜಾರ, ಇದು ನಿಮಗ ಮೊದಲಿಂದ ಗೊತ್ತಿತ್ತೇನು?"

"ಯಾವುದು ಮಾರಾಯ್ತಿ?"

"ಸಿಹಿ ಬೇಡಿದ್ದು. ಹತ್ತೊಂಬತ್ತು ವರ್ಷ ಆತು, ಈತಗ ಏನು ಸೇರತಿತ್ತು ಅಂತ ಕೇಳಾಕತ್ತೇನಿ. ಬೂದಿ ಸುದ್ದಿ ಹೇಳಿದ್ರಿ. ಇದನ್ಯಾಕ ಹೇಳಲಿಲ್ಲ?"

ಬ್ರದರ್ ಪಾಸ್ಕಲ್ ಸೊಂಟದ ಹಗ್ಗದ ಗಂಟನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. ಸಿಕ್ಕಿಬಿದ್ದ ಕಳ್ಳನ ಮುಖ ಅದು.

"ಹೇಳಿದ್ದರೆ ನೀನು ಮಾಡಿಬಿಡುತ್ತಿದ್ದೆ."

"ಮಾಡ್ತಿದ್ದೆ. ಅದರಾಗ ಏನ್ ತಪ್ಪೈತಿ?"

"ಮಾಡಿದ್ದರೆ ನಾನು ತಿನ್ನುತ್ತಿದ್ದೆ. ನೀನು ಬಂದ ಮೊದಲನೇ ದಿನ ಕಟ್ಟಿನ ಸಾರು ಮಾಡಿದ್ದಿ, ನೆನಪುಂಟಾ? ಮೂರು ಸಲ ಹಾಕಿಸಿಕೊಂಡೆ. ಸಂಜೆ ಪ್ರಾರ್ಥನೆಗೆ ಕೂತರೆ ದೇವರು ಬರಲಿಲ್ಲ, ಸಾರೇ ಬಂತು. ನಾಳೆಯೂ ಅದನ್ನೇ ಮಾಡುತ್ತಾಳಾ, ಬೇರೆ ಮಾಡುತ್ತಾಳಾ ಅಂತಲೇ ಯೋಚನೆ. ಮರುದಿನವೇ ನೀರಿನ ಲೋಟ ಹಿಡಿದೆ." ಹಗ್ಗದ ಗಂಟು ಬಿಟ್ಟು ಅಂದರು, "ಸಂತ ಫ್ರಾನ್ಸಿಸರಿಗೆ ಆ ಜಾಕೋಬಾ ಅಪರೂಪಕ್ಕೆ ಬರುತ್ತಿದ್ದಳು. ನನ್ನ ಎದುರು ನೀನು ದಿನಕ್ಕೆ ಎರಡು ಸಲ ಸೌಟು ಹಿಡಿದು ನಿಲ್ಲುತ್ತಿ. ನಾನು ಏನು ಮಾಡಲಿ?"

ಚೌಡವ್ವನಿಗೆ ಬೈಯಬೇಕೆಂದಿತ್ತು, ಆದರೆ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಅವಳು ಅಂದು ಬಸ್ಸಿನಲ್ಲಿ ಕೂತು ನಕ್ಕಳು, ಆಮೇಲೆ ಸೆರಗು ಮುಖಕ್ಕೆ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಹೆಂಗಸು, ಯಾರಾದರೂ ತೀರಿಕೊಂಡರೇನು ಎಂದು ಕೇಳಿದಳು. ಹೌದು, ಎಂಟುನೂರು ವರ್ಷದ ಹಿಂದೆ, ನನಗ ಇವತ್ತ ತಿಳೀತು ಎಂದಳು ಚೌಡವ್ವ. ಆ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮರುದಿನ ಮುಂಜಾನೆ ಬದಾಮಿಯ ಪ್ರಶ್ನೆ ಎದುರಾಯಿತು. ಚೌಡವ್ವ ಅದನ್ನು ಹಲ್ಲುಜ್ಜುತ್ತಲೇ ಬಗೆಹರಿಸಿದಳು. ಜಾಕೋಬಣ್ಣನ ಸೀಮೆಯಲ್ಲಿ ಬದಾಮಿ ಬೆಳೆಯುತ್ತಿತ್ತು, ಅವಳು ಅದನ್ನು ಹಾಕಿದಳು. ನಮ್ಮ ಸೀಮೆಯಲ್ಲಿ ಶೇಂಗಾ ಬೆಳೆಯುತ್ತದೆ. ಚೌಡವ್ವ ಆಶ್ರಮಕ್ಕೆ ಬಂದವಳೇ ಶೇಂಗಾ ಹುರಿದು, ಸಿಪ್ಪೆ ಕೇರಿ, ಎಳ್ಳು ಬೆಲ್ಲ ಯಾಲಕ್ಕಿ ಹಾಕಿ ಕುಟ್ಟಿ ಹೂರಣ ಮಾಡಿದಳು. ಕಣಕ ನಾದಿ ಹೋಳಿಗೆ ಲಟ್ಟಿಸಿದಳು. ಹಂಚಿನ ಮೇಲಿಂದ ಇಳಿದ ಮೊದಲನೆಯದು ತುಪ್ಪದ ಸಮೇತ ಫ್ರಾನ್ಸಪ್ಪನ ಚಿತ್ರದ ಮುಂದೆ ಹೋಯಿತು.

"ತಗೋಪಾ," ಅಂದಳು. "ಮೊದಲೇ ಬಾಯಿ ಬಿಟ್ಟು ಕೇಳಿದ್ರ ಇಷ್ಟು ವರ್ಷ ಉಪವಾಸ ಕೂಡಬೇಕಿತ್ತೇನು?"

ಹೊರಗೆ ಅಂಗಳದ ತುಂಬ ದನಕರುಗಳು. ಫಾದರ್ ಸುನೀಲಕುಮಾರ ಮೈಕು ಹಿಡಿದು, ಊರಿನವರನ್ನು ಹಿಂಸಿಸುತ್ತಿದ್ದ ತೋಳವನ್ನು ಸಂತ ಪಳಗಿಸಿದ ಕಥೆ ಹೇಳುತ್ತಿದ್ದರು. ತೋಳ ಇನ್ನು ಯಾರನ್ನೂ ಕಚ್ಚಬಾರದು, ಊರಿನವರು ಅದಕ್ಕೆ ದಿನಾಲು ಊಟ ಹಾಕಬೇಕು, ಹೀಗೆ ಒಪ್ಪಂದ ಮಾಡಿಸಿದ ಎಂದರು. ಮುಂದಿನ ಸಾಲಿನಲ್ಲಿ ನಲವತ್ತು ಕುರಿಗಳ ನಡುವೆ ನಿಂತಿದ್ದ ಕುರಿಗಾಹಿ ಫಕ್ಕೀರಪ್ಪ ಕೈ ಎತ್ತಿದ.

"ಊಟ ಅಂದ್ರ ಯಾರ ಕುರೀರಿ?"

ಅದು ಪುಸ್ತಕದಲ್ಲಿ ಬರೆದಿಲ್ಲ ಎಂದರು ಫಾದರ್. ಹಾಗಾದರೆ ಈ ಕಥೆ ಕುರಿ ಇಲ್ಲದವರು ಬರೆದದ್ದು ಎಂದು ಫಕ್ಕೀರಪ್ಪ ತನ್ನ ಮಂದೆಗೆ ಕೇಳಿಸುವಂತೆ ಹೇಳಿ, ತೀರ್ಥ ಮಾತ್ರ ಎರಡು ಸಲ ಚಿಮುಕಿಸಿಕೊಂಡ.

ಒಂದು ಗಂಟೆಗೆ ಊಟಕ್ಕೆ ಕೂತರು. ಬ್ರದರ್ ಪಾಸ್ಕಲ್ ಅವರ ಚೀಲ ಬಾಗಿಲ ಹತ್ತಿರ ತಯಾರಾಗಿತ್ತು. ಎರಡು ಗಂಟೆಗೆ ರಾಣೆಬೆನ್ನೂರಿನಿಂದ ಮಂಗಳೂರಿನ ಬಸ್ಸು. ಅವರನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಲು ಆಟೋದ ಅಲ್ಲಾಬಕ್ಷ ಗೇಟಿನ ಹತ್ತಿರ ಬಂದು ನಿಂತಿದ್ದ. ಚೌಡವ್ವ ಅವರ ತಾಟಿಗೆ ಒಂದು ಶೇಂಗಾ ಹೋಳಿಗೆ ಹಾಕಿದಳು, ತುಪ್ಪ ಬಿಟ್ಟಳು. ನೀರಿನ ಲೋಟ ಯಾವಾಗಿನ ಜಾಗದಲ್ಲೇ ಇತ್ತು. ಅವಳು ಅದನ್ನು ಸರಿಸಲಿಲ್ಲ. ಇವರ ವ್ರತ ಇವರದು, ತಾನು ಯಾಕೆ ಕೈ ಹಾಕಬೇಕು ಅಂದುಕೊಂಡಳು. ಆದರೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ಅಲ್ಲಿಂದ ಕದಲಲೂ ಇಲ್ಲ.

ಬ್ರದರ್ ಪಾಸ್ಕಲ್ ಲೋಟದ ಕಡೆ ನೋಡಿದರು. ಹೋಳಿಗೆಯ ಕಡೆ ನೋಡಿದರು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಮತ್ತೊಂದು ತುಂಡು ಮುರಿದರು. ಹೀಗೇ ಇಡೀ ಹೋಳಿಗೆ ಮುಗಿಸಿದರು. ಫಾದರ್ ಸುನೀಲಕುಮಾರ ಅಷ್ಟರಲ್ಲಿ ಎರಡು ಸಲ ಸೂಪರ್ ಅಂದಾಗಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಚೌಡವ್ವ," ಅಂದರು ಬ್ರದರ್ ಪಾಸ್ಕಲ್. "ಬೆಲ್ಲ ಸ್ವಲ್ಪ ಜಾಸ್ತಿ ಆಯಿತು."

ಹೋಗುವ ಹೊತ್ತಿನಲ್ಲಿ ಮುದುಕರು ಹೀಗೆ ಅನ್ನಬಾರದಿತ್ತು ಎಂದು ಫಾದರ್ ಗಾಬರಿಯಾಗಿ ಚೌಡವ್ವನ ಮುಖ ನೋಡಿದರು. ಚೌಡವ್ವ ಅಡುಗೆಮನೆಗೆ ಹೋಗಿ ಹೂರಣ ಒಂದು ಬೆರಳು ನೆಕ್ಕಿ ನೋಡಿದಳು. ಹೌದು, ಬೆಲ್ಲ ಒಂದೀಟು ಮುಂದಾಗಿತ್ತು. ಗಡಿಬಿಡಿಯಲ್ಲಿ ಅವಳಿಗೇ ತಿಳಿದಿರಲಿಲ್ಲ. ಈ ಮನುಷ್ಯನ ನಾಲಿಗೆ ಎಂಥದು ಎಂದು ಅವಳಿಗೆ ಹೆಮ್ಮೆಯೆನಿಸಿತು. ಕಣ್ಣು ಒರೆಸಿಕೊಂಡು ಹೊರಗೆ ಬಂದಳು.

"ಖರೇ ಐತ್ರಿ ಅಜ್ಜಾರ. ಇನ್ನೊಂದೀಟು ಶೇಂಗಾ ಕುಟ್ಟಿ ಕಲಸಿ ಬ್ಯಾರೆ ಮಾಡ್ತೇನಿ. ಕುಂದ್ರತೀರೇನು, ಬಸ್ಸಿಗೆ ಹೊತ್ತಾಗತೈತೇನು?"

ಗೇಟಿನಲ್ಲಿ ಅಲ್ಲಾಬಕ್ಷ ಹಾರ್ನ್ ಬಾರಿಸಿದ. ಫಾದರ್ ಸುನೀಲಕುಮಾರ ಕೈಗಡಿಯಾರ ನೋಡಿಕೊಂಡು ಎದ್ದು ನಿಂತರು. ಒಳಗೆ ಒರಳಿನ ಸಪ್ಪಳ ಶುರುವಾಯಿತು. ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತ ಅಲ್ಲಾಬಕ್ಷನನ್ನು ಕೇಳಿ ಬನ್ನಿ ಎಂದು ಫಾದರ್‌ಗೆ ಹೇಳಿ ಬ್ರದರ್ ಪಾಸ್ಕಲ್, ತೊಳೆಯದ ಕೈಯನ್ನು ತಾಟಿನ ಅಂಚಿಗೆ ಇಟ್ಟುಕೊಂಡು, ಎರಡನೇ ಹೋಳಿಗೆಗೆ ಕಾಯುತ್ತ ಕೂತರು.